ಬಾಗಿಲು ಹೊತ್ತವನ ಅರ್ಧ ಸಿನಿಮಾ

ದಾಂಡೇಲಿ
ಶನಿವಾರ, ೧೩ ಡಿಸೆಂಬರ್ ೨೦೨೫

ಪ್ರೀತಿಯ ತುಳಜಾ,

ಸಂಜೆ ಏಳು ಗಂಟೆ ಆಗಿದೆ. ಬೆಳಿಗ್ಗೆ ಸೀರೆಗಳಿಗೆ ಫಾಲ್ ಹಚ್ಚಿ ಕೊಟ್ಟೆ. ಮಧ್ಯಾಹ್ನ ಚಿತ್ರಮೇಳಕ್ಕೆ ಹೋಗಿ ಬಂದೆ. ಈಗ ಅನ್ನಕ್ಕಿಟ್ಟು ಬರೆಯಲು ಕೂತಿದ್ದೇನೆ. ದಿನಾ ಈ ಹೊತ್ತಿಗೆ ಡೈರಿ ಬರೆಯುವವಳು, ಇವತ್ತಿನ ಪುಟ ನಿನಗೇ ಇರಲಿ ಎನಿಸಿತು.

ನಿನ್ನ ಕಾಗದ ಬಂದ ಮೇಲೆ ಮಳೆಗಾಲವೇ ಮುಗಿದುಹೋಯಿತು. ಉತ್ತರ ಬರೆಯಲಿಲ್ಲವೆಂದು ಸಿಟ್ಟಾಗಬೇಡ. ಫೋನು ಮಾಡಬಹುದಿತ್ತು ಎನ್ನುತ್ತೀ. ಫೋನಿನಲ್ಲಿ ನಾನು ಸುಮ್ಮನಾಗುತ್ತೇನೆ, ನೀನು ಅಳುತ್ತೀ, ಆಮೇಲೆ ನಿನ್ನ ಯಜಮಾನರು ಹರೀಶಣ್ಣ ಫೋನು ತೆಗೆದುಕೊಂಡು ಮುಂಡಗೋಡದ ಮಳೆ ಬೆಳೆಯ ಸುದ್ದಿ ಹೇಳುತ್ತಾರೆ. ಪಾಪ, ಅವರಾದರೂ ಏನು ಮಾಡಬೇಕು. ಹಳಿಯಾಳದ ಶಾಲೆಯಲ್ಲಿ ಒಂದೇ ಬೆಂಚಿನಲ್ಲಿ ಕೂತು ಕಲಿತವರು ನಾವು. ನಮಗೆ ಕಾಗದವೇ ಸರಿ. ನಿನ್ನ ಮಾವ ಥಾವರೆಪ್ಪ ಕಾಕಾ ಈಗ ಕೋಲು ಹಿಡಿದು ಅಂಗಳದವರೆಗೆ ನಡೆಯುತ್ತಾರೆ ಎಂದು ನೀನು ಬರೆದಿದ್ದೀ. ಓದಿ ಸಮಾಧಾನವಾಯಿತು.

ಸಿನಿಮಾಕ್ಕೆ ಹೋಗಿದ್ದೆ ಎಂದು ಓದಿ ನಿನಗೆ ಆಶ್ಚರ್ಯವಾಗಿರಬೇಕು. ನನಗೂ ಆಗಿದೆ. ಶೌಕತರು ತೀರಿಹೋದ ಮೇಲೆ, ಗಂಡ ತೀರಿದ ಹೆಂಗಸಿನ ಇದ್ದತ್ ಎಂದು ನಾಲ್ಕು ತಿಂಗಳು ಹತ್ತು ದಿನ ಮನೆಯೊಳಗೇ ಕೂತೆ. ಅದು ಮುಗಿದು ಎಷ್ಟೋ ತಿಂಗಳಾದರೂ ಸಿನಿಮಾದ ಮಾತು ಎತ್ತಿರಲಿಲ್ಲ. ನಮ್ಮಿಬ್ಬರ ಹುಚ್ಚು ನಿನಗೆ ಗೊತ್ತೇ ಇದೆ. ದೊಡ್ಡ ಟಾಕೀಸಿನ ಸಿನಿಮಾ ಅಲ್ಲ, ಯಾರೋ ಗೆಳೆಯರು ಕೂಡಿ ಕೈಯಿಂದ ದುಡ್ಡು ಹಾಕಿ ಮಾಡಿದ ಸಣ್ಣ ಸಿನಿಮಾಗಳು. ಗಣೇಶಗುಡಿಯ ಹೋಮ್‌ಸ್ಟೇ ಅಂಗಳದಲ್ಲಿ ಬಿಳಿ ಪರದೆ ಕಟ್ಟಿದ್ದಾರೆಂದರೆ ಅಲ್ಲಿಗೆ, ಜೋಯಿಡಾದಲ್ಲಿ ಕೊಂಕಣಿ ಸಿನಿಮಾ ಎಂದರೆ ಅಲ್ಲಿಗೆ. ಶೌಕತರು ಗ್ಯಾರೇಜಿನ ಶಟರ್ ಎಳೆದು, ಕೈಗೆ ಹತ್ತಿದ ಎಣ್ಣೆ ಸೋಪಿನಿಂದ ತಿಕ್ಕಿ, ಬೈಕು ಹೊರಗೆ ತಂದು ನಿಲ್ಲಿಸುತ್ತಿದ್ದರು. ನಾದಿನಿ ರುಕ್ಸಾರ ಪಕ್ಕದ ಮನೆಯಿಂದ ನೋಡಿ ನಗುತ್ತಿದ್ದಳು. ಹಾಡಿಲ್ಲ, ಹೊಡೆದಾಟವಿಲ್ಲ, ಆ ಸಿನಿಮಾ ನೋಡುವುದಕ್ಕೆ ನೀವಿಬ್ಬರೇ ಹುಟ್ಟಿದ್ದೀರಿ ಎನ್ನುತ್ತಿದ್ದಳು.

ಅವರಿಗೆ ಕನ್ನಡ ಓದಲು ಬರುತ್ತಿರಲಿಲ್ಲ, ಉರ್ದು ಶಾಲೆಯಲ್ಲಿ ಕಲಿತವರು. ಮೇಳ ನಡೆಸುವ ಸ್ವಪ್ನಾ ಮತ್ತು ಅವಳ ಗೆಳೆಯರು ಬೇರೆ ಭಾಷೆಯ ಸಿನಿಮಾಗಳಿಗೆ ತಾವೇ ಕೂತು ಕೆಳಗೆ ಕನ್ನಡ ಸಾಲು ಕೂಡಿಸುತ್ತಾರೆ. ಆ ಸಾಲನ್ನು ಓದಿ, ಉರ್ದುವಿನಲ್ಲಿ ಅವರ ಕಿವಿಗೆ ಹೇಳುವುದು ನನ್ನ ಕೆಲಸ. ಮುಂದಿನ ಸಾಲಿನವರು ತಿರುಗಿ ನೋಡುತ್ತಾರೆಂದು ನಾವು ಯಾವಾಗಲೂ ಹಿಂದಿನ ಮೂಲೆಯಲ್ಲಿ ಗೋಡೆಗೆ ಹತ್ತಿ ಕೂರುತ್ತಿದ್ದೆವು. ಸಿನಿಮಾ ಮುಗಿದ ಮೇಲೆ ಹೆಸರುಗಳು ಬರುತ್ತವಲ್ಲ, ಅವನ್ನೂ ಓದಿಸುತ್ತಿದ್ದರು. ಇಂಗ್ಲಿಷ್ ಅಕ್ಷರ ನಾನು ಕೂಡಿಸಿ ಕೂಡಿಸಿ ಓದುವಷ್ಟರಲ್ಲಿ ಹೆಸರು ಮೇಲೆ ಹೋಗಿಬಿಡುತ್ತಿತ್ತು. ಪಾಪ ಅವನ ಹೆಸರು ತಪ್ಪಿತು ಎನ್ನುತ್ತಿದ್ದರು. ಜೀಪು ಓಡಿಸಿದವನು, ಚಹಾ ಕೊಟ್ಟವನು, ಇವರ ಹೆಸರನ್ನು ಬೇರೆ ಯಾರು ಓದುತ್ತಾರೆ ಎಂದು ಅವರ ವಾದ. ಕುರ್ಚಿ ಎತ್ತುವವರು ಬಂದು ನಿಂತರೂ ಏಳುತ್ತಿರಲಿಲ್ಲ.

ಹೋದ ವರ್ಷದ ಮೇಳದಲ್ಲಿ ಒಬ್ಬ ಬಾಗಿಲು ಹೊತ್ತು ನಡೆಯುವ ಸಿನಿಮಾ ಅರ್ಧ ಆಗಿದ್ದಾಗಲೇ ಅವರು ನನ್ನ ಮೊಣಕೈ ಹಿಡಿದದ್ದು, ಉಸಿರಾಡಲು ಆಗುತ್ತಿಲ್ಲ ಎಂದದ್ದು ನಿನಗೆ ಗೊತ್ತು. ಸ್ವಪ್ನಾ ಸಿನಿಮಾ ನಿಲ್ಲಿಸಿದಳು, ದೀಪ ಹಾಕಿದರು, ಇದ್ದವರೆಲ್ಲ ಕೂಡಿ ಅವರನ್ನು ಕಾರಿಗೆ ಹತ್ತಿಸಿದರು. ಆ ದಿನ ಯಾರೂ ಆ ಸಿನಿಮಾ ಪೂರ್ತಿ ನೋಡಲಿಲ್ಲ.

ಹೋದ ವಾರ ಸ್ವಪ್ನಾ ಮನೆಗೆ ಬಂದಿದ್ದಳು. ಚಹಾ ಕುಡಿಯದೆ ಕಪ್ಪು ಹಿಡಿದುಕೊಂಡೇ ಕೂತಿದ್ದಳು. ಕಡೆಗೆ ಹೇಳಿದಳು, "ಅಕ್ಕಾ, ಆ ಸಿನಿಮಾ ಮಂದಿ ಭಾಳ ಕೇಳಾಕತ್ತಾರ. ಕಡೀ ದಿನ ಹಾಕೂಣು ಅಂತ ಮಾಡೇವಿ. ನೀವು ಬ್ಯಾಡ ಅಂದ್ರ ಹಾಕಂಗಿಲ್ಲ."

ನಾನು ಹಾಕಿರಿ ಎಂದೆ. ಬರುತ್ತೇನೆ ಎನ್ನಲಿಲ್ಲ, ಅವಳೂ ಕೇಳಲಿಲ್ಲ. ಆ ಕಡೆಯ ದಿನ ನಾಳೆ. ಹೋಗುವುದೋ ಬಿಡುವುದೋ ಎಂದು ವಾರವೆಲ್ಲ ಸೂಜಿಗೆ ದಾರ ಪೋಣಿಸುವಾಗಲೂ ಅದೇ ಯೋಚನೆ. ನಾಳೆಗಿಂತ ಮೊದಲು ಆ ಹಾಲಿನಲ್ಲಿ ಒಮ್ಮೆ ಕೂತು ನೋಡೋಣ, ಕೂರುವುದೇ ಆಗದಿದ್ದರೆ ನಾಳೆಯ ಮಾತೇ ಇಲ್ಲ ಎಂದುಕೊಂಡು ಇವತ್ತು ಹೊರಟೆ. ರುಕ್ಸಾರ ಏನಾದರೂ ಅಂದಾಳು ಎಂದಿದ್ದೆ. ಅವಳು ಬಂದು ನನ್ನ ಬುರ್ಖಾ ಇಸ್ತ್ರಿ ಮಾಡಿಟ್ಟು, ಹಾಡಿಲ್ಲದ ಸಿನಿಮಾಕ್ಕೆ ತಡವಾಗುತ್ತದೆ ಹೋಗಿ ಭಾಭಿ ಎಂದಳು.

ನಮ್ಮ ಮೂಲೆ ಹಾಗೇ ಇತ್ತು. ಗೋಡೆಯ ಹತ್ತಿರದ ಕುರ್ಚಿ ಅವರದು. ಅದನ್ನು ಖಾಲಿ ಬಿಟ್ಟು ಈಚೆಯ ಕುರ್ಚಿಯಲ್ಲಿ ಕೂತೆ. ನನ್ನ ಈ ಬದಿಗೆ ತೇರಗಾಂವದ ಹೊಳೆವ್ವ ಎಂಬ ಮುದುಕಿ. ಮಗಳ ಮನೆಗೆ ಬಂದಿದ್ದಾಳೆ. ಮಗಳು ಸಂತೆ ಮುಗಿಸಿ ಬರುವವರೆಗೆ ಇಲ್ಲಿ ಫ್ಯಾನಿನ ಗಾಳಿಗೆ ಕೂತಿರು ಎಂದು ಬಿಟ್ಟು ಹೋಗಿದ್ದಳಂತೆ. ಸಿನಿಮಾ ಕೊಂಕಣಿಯದು. ಒಬ್ಬ ಹೆಣ್ಣುಮಗಳು ಕಾಡಿನಲ್ಲಿ ತಪ್ಪಿಸಿಕೊಂಡ ಎಮ್ಮೆ ಹುಡುಕುತ್ತಾ ಹೋಗುವ ಕಥೆ. ದೀಪ ಆರಿತು. ಕೆಳಗೆ ಕನ್ನಡ ಸಾಲು ಬಂತು. ಹೇಗೆ ಶುರುವಾಯಿತೋ ನನಗೆ ಗೊತ್ತಾಗಲಿಲ್ಲ ತುಳಜಾ. ಬಹಳ ಹೊತ್ತಿನ ಮೇಲೆ ಹೊಳೆವ್ವ ನನ್ನ ತೊಡೆ ತಟ್ಟಿದಳು.

"ತಂಗೀ, ಅಲ್ಲಿ ಬರದದ್ದು ಕನ್ನಡ ಅಂತಾರ. ನೀ ಯಾಕ ಅದನ್ನ ಉರ್ದು ಮಾಡಿ ಆ ಕುರ್ಚಿಗೆ ಹೇಳಾಕತ್ತೀ?"

ನಾನು ಗೋಡೆಯ ಕಡೆ ವಾಲಿಕೊಂಡು, ಖಾಲಿ ಕುರ್ಚಿಗೆ ಸಾಲು ಸಾಲು ಹೇಳುತ್ತಿದ್ದೆ. ಎದ್ದು ಹೋಗಬೇಕೆಂದರೆ ಅವಳ ಕೈ ನನ್ನ ತೊಡೆಯ ಮೇಲೇ ಇತ್ತು.

"ನನಗ ಓದಾಕ ಬರಂಗಿಲ್ಲ," ಎಂದಳು. "ಈ ಕಡೆ ಹೊಳ್ಳಿ ಹೇಳು. ಎಮ್ಮಿ ಸಿಕ್ತೋ ಇಲ್ಲೋ, ಅಷ್ಟರ ತಿಳೀಲಿ."

ಹೊರಳಿ ಕೂತು ಓದಿದೆ. ಇದ್ದ ಸಾಲನ್ನು ಇದ್ದಂತೆ ಓದುವುದು ಎಷ್ಟು ಸುಲಭ! ಇಷ್ಟು ವರ್ಷ ಉರ್ದು ಮಾಡಿ ಮಾಡಿ ನನಗೆ ಸಿನಿಮಾದ ಮುಖಗಳನ್ನು ನೋಡಲು ಪುರಸೊತ್ತೇ ಇರುತ್ತಿರಲಿಲ್ಲ. ಇವತ್ತು ಆ ಹೆಣ್ಣುಮಗಳ ಮುಖ ನೋಡಿದೆ. ಹಣೆಯ ಮೇಲೆ ಬೆವರು, ಕೂದಲಲ್ಲಿ ಒಂದು ಒಣ ಎಲೆ. ಸಿನಿಮಾ ಚೆನ್ನಾಗಿದೆ ಎನಿಸಿತು. ಎನಿಸಿದ್ದಕ್ಕೆ ಒಂದು ಕ್ಷಣ ನಾಚಿಕೆಯಾಯಿತು, ಆಮೇಲೆ ಅದೂ ಹೋಯಿತು.

ಎಮ್ಮೆ ಸಿಕ್ಕಿತು. ಹೊಳೆವ್ವ ಏಳಲು ಹೋದಳು. ನಾನು ಹೆಸರು ಓದುತ್ತಿದ್ದುದು ಕೇಳಿ ಮತ್ತೆ ಕೂತಳು.

"ಇವರೆಲ್ಲಾ ಯಾರು?"

"ಸಿನಿಮಾ ಮಾಡಿದವರು ಅವ್ವಾ."

"ಒಂದ್ ಎಮ್ಮಿ ಹುಡುಕಾಕ ಇಷ್ಟು ಮಂದಿ ಬೇಕಾತೇನು?"

ನನಗೆ ನಗು ಬಂತು. ಜೋರಾಗಿಯೇ ಬಂತು. ಪರದೆಯ ಹತ್ತಿರ ನಿಂತಿದ್ದ ಸ್ವಪ್ನಾ ತಿರುಗಿ ನೋಡಿದಳು. ಕುರ್ಚಿ ಎತ್ತುತ್ತಿದ್ದವರಿಗೆ ಆ ಮೂಲೆಯ ಕುರ್ಚಿಗಳನ್ನು ಕೊನೆಗೆ ಎತ್ತಿರಿ ಎಂದಳು.

ಹೊರಗೆ ಬಂದಾಗ ಹೊಳೆವ್ವನ ಮಗಳು ಚೀಲ ಹಿಡಿದು ಕಾದಿದ್ದಳು. ಹೊಳೆವ್ವ ಅವಳಿಗೆ ಎಮ್ಮೆಯ ಕಥೆ ಶುರುಮಾಡಿದವಳು ನಡುವೆ ಬಿಟ್ಟು, ನಾಳೆ ಏನು ತೋರಿಸುತ್ತಾರೆ ಎಂದು ನನ್ನನ್ನು ಕೇಳಿದಳು. ಒಬ್ಬ ಬಾಗಿಲು ಹೊತ್ತುಕೊಂಡು ಬೆಟ್ಟ ಹತ್ತಿ ಇಳಿದು ಹೋಗುವ ಸಿನಿಮಾ ಎಂದೆ.

"ಬಾಗಲಾ? ಯಾರ ಮನೀಗೆ?"

ಗೊತ್ತಿಲ್ಲ ಎಂದು ತಲೆಯಾಡಿಸಿದೆ.

"ಗೊತ್ತಿಲ್ಲಂದ್ರ ನೋಡೂಣಲ್ಲ. ನೀ ಬಂದ್ರಷ್ಟ ನಾ ಬರ್ತೇನಿ. ನೀ ಇಲ್ಲಂದ್ರ ನನಗ ಬರೇ ಬಾಗಲಾ ಕಾಣತೈತಿ."

ಮಗಳು, ಬರ್ರಿ ಅಕ್ಕಾರ, ಇಲ್ಲಂದ್ರ ಮನ್ಯಾಗ ನನ್ನ ತಲಿ ತಿಂತಾಳ ಎಂದಳು. ನಾನು ಹೂಂ ಎಂದುಬಿಟ್ಟೆ. ಮನೆಗೆ ಬರುವಷ್ಟರಲ್ಲಿ ಯಾಕೆ ಹೂಂ ಎಂದೆನೋ ಎನಿಸಿತು. ರುಕ್ಸಾರಳಿಗೆ ಹೇಳಿದೆ. ಅವಳು, ಬುರ್ಖಾ ಗೂಟಕ್ಕೆ ಹಾಕಬೇಡಿ, ನೆರಿಗೆ ಬೀಳುತ್ತದೆ ಎಂದು ಮಡಚಿಟ್ಟಳು.

ಅನ್ನ ಆಯಿತು. ನೀನು ಬಿಸಿಲಿಗೆ ಹೆಚ್ಚು ಹೋಗಬೇಡ, ತಲೆನೋವು ಎಂದು ಬರೆದಿದ್ದೀಯಲ್ಲ. ಹರೀಶಣ್ಣನಿಗೆ ಸಲಾಂ. ಕಾಕಾನ ಕಾಲು ಬೇಗ ಬಲವಾಗಲಿ, ಇನ್ನೊಮ್ಮೆ ನಾನು ಬಂದಾಗ ಅಂಗಳ ದಾಟಿ ಬಸ್ಸಿನವರೆಗೆ ಬರಲಿ. ನಿನ್ನ ಮಗ ರೋಹಿತನಿಗೆ ನನ್ನ ದುವಾ. ದೇವರು ನಿನ್ನ ಮನೆಯನ್ನು ತುಂಬಿದ ಹಾಗೆಯೇ ಇಟ್ಟಿರಲಿ.

ನಿನ್ನ,
ಜಾಹೀದಾ

ತಾ.ಕ.: ಒಂದು ಮಾತು ಯಾರಿಗೂ ಹೇಳಿಲ್ಲ. ಆಸ್ಪತ್ರೆಯಲ್ಲಿ ಮರುದಿನ ಬೆಳಿಗ್ಗೆ ಅವರಿಗೆ ಚೆನ್ನಾಗಿ ಎಚ್ಚರವಿತ್ತು. ನನ್ನನ್ನು ಹತ್ತಿರ ಕರೆದು ಕೇಳಿದ್ದು, ಆ ಬಾಗಿಲನ್ನು ಕೊನೆಗೆ ಯಾರ ಮನೆಗೆ ಹಚ್ಚಿದ ಎಂದು. ಉರ್ದುವಿನಲ್ಲಿ ಕೇಳಿದ್ದು, ನಿನಗಾಗಿ ಕನ್ನಡದಲ್ಲಿ ಬರೆದಿದ್ದೇನೆ. ನಾನೂ ನೋಡಿಲ್ಲವಲ್ಲ, ಮನೆಗೆ ಹೋದ ಮೇಲೆ ಇಬ್ಬರೂ ನೋಡೋಣ ಎಂದೆ. ಆಗಲಿ ಎಂದು ಕಣ್ಣು ಮುಚ್ಚಿದರು. ಮತ್ತೆ ಮಾತಾಡಲಿಲ್ಲ. ಈ ವರ್ಷವೆಲ್ಲ ಆ ಪ್ರಶ್ನೆ ನನ್ನ ಹತ್ತಿರ ಇದೆ. ಉತ್ತರ ಸಿಗುವವರೆಗೆ ಅವರು ಇನ್ನೂ ಕೇಳುತ್ತಲೇ ಇರುತ್ತಾರೆ ಎನಿಸುತ್ತದೆ. ಅದಕ್ಕೇ ನನಗೆ ಆ ಸಿನಿಮಾ ಬೇಡವಾಗಿತ್ತು. ನಾಳೆ ನಾಲ್ಕು ಗಂಟೆಗೆ ಅದು ಶುರುವಾಗುತ್ತದೆ. ಹೊಳೆವ್ವ ಮೊದಲೇ ಬಂದು ಕೂತಿರುತ್ತಾಳಂತೆ.