ಅಮ್ಮನ ಕಷಾಯ, ದೊರೆಯ ಕಾಲು

ಮನೆಯ ಹಿಂಬಾಗಿಲ ಮೆಟ್ಟಿಲಿನಿಂದ,
ಹದಿನಾಲ್ಕನೇ ತಾರೀಕು, ಭಾನುವಾರ ಬೆಳಿಗ್ಗೆ

ಪ್ರೀತಿಯ ತಮ್ಮಾ,

ಹೇಗಿದ್ದೀಯ? ಸೊಂಟದ ಹೊಲಿಗೆ ಒಣಗಿತೇ? ಜೀವನವಿಡೀ ಬಟ್ಟೆ ಹೊಲಿದವಳು ನಾನು. ಹೊಲಿಗೆ ಹಾಕಿದವರನ್ನು ಸುಲಭವಾಗಿ ಹೊಗಳುವುದಿಲ್ಲ. ಆದರೂ ನಿನ್ನದನ್ನು ನೋಡಿದಾಗ ಡಾಕ್ಟರ ಕೈ ನೇರವಾಗಿದೆ ಅನ್ನಿಸಿತು. ಆಸ್ಪತ್ರೆಯಲ್ಲಿ ರಾತ್ರಿ ನಿದ್ದೆ ಬರುತ್ತಿದೆಯೇ, ಊಟ ಸೇರುತ್ತಿದೆಯೇ? ವ್ಯಾಯಾಮ ಮಾಡಿಸುವ ಹುಡುಗಿ ಬಂದರೆ ನೀನು ಗೋಡೆಯ ಕಡೆ ತಿರುಗಿ ಮಲಗುತ್ತೀಯಂತೆ. ಈಗ ನಡೆಯದಿದ್ದರೆ ಮುಂದೆ ಕಾಲು ನಿನ್ನ ಮಾತು ಕೇಳುವುದಿಲ್ಲ ಎಂದು ದೊಡ್ಡ ಡಾಕ್ಟರು ನಿನಗೂ ಹೇಳಿದ್ದಾರೆ, ನನಗೂ ಹೇಳಿದ್ದಾರೆ. ಹೋದ ಸಲ ಫೋನಿನಲ್ಲಿ ಅದಕ್ಕೇ ಗದರಿದೆ. "ನಡೆದು ಹೋಗೋಕೆ ಇಲ್ಲಿ ಏನಿದೆ ಅಕ್ಕಾ, ಆ ಕೊನೇಲೂ ಇಂಥದ್ದೇ ಗೋಡೆ" ಅಂದೆ. ಫೋನು ಇಟ್ಟ ಮೇಲೂ ಆ ಮಾತು ಮನಸ್ಸಿನಿಂದ ಹೋಗಲಿಲ್ಲ. ಇರಲಿ, ನಿನಗೆ ಬೇಕಾದ್ದು ನಿನ್ನ ಮುದ್ದಿನ ನಾಯಿ ದೊರೆಯ ಸುದ್ದಿ ತಾನೇ. ಹೇಳುತ್ತೇನೆ, ಮಧ್ಯದಲ್ಲಿ ಸಿಟ್ಟು ಮಾಡಿಕೊಳ್ಳದೆ ಪೂರ್ತಿ ಓದು.

ನೀನು ಆಂಬುಲೆನ್ಸ್ ಹತ್ತಿದ ದಿನ ನಿನ್ನ ಗಡಿಯಾರ ರಿಪೇರಿ ಮೇಜಿನ ಕೆಳಗೆ ಹೋಗಿ ಮಲಗಿದವನು ಅಲ್ಲೇ ಠಿಕಾಣಿ ಹೂಡಿದ. ಹಿಂಗಾಲು ಮೊದಲೇ ಬಿಗಿ ಹಿಡಿದಿತ್ತಲ್ಲ, ಮಲಗಿ ಮಲಗಿ ಅದು ಇನ್ನಷ್ಟು ಬಿಗಿಯಿತು. ಕೊನೆಗೆ ಅಂಗಳಕ್ಕೂ ನಾನೇ ಹೊಟ್ಟೆಯ ಕೆಳಗೆ ಟವೆಲ್ ಕೊಟ್ಟು ಎತ್ತಬೇಕಾಯಿತು. ನನ್ನ ಬೆನ್ನು ಒಂದು ಕಡೆ, ಅವನ ಸೊಂಟ ಒಂದು ಕಡೆ. ನೋಡಿದವರಿಗೆ ಯಾರು ಯಾರನ್ನು ಎತ್ತುತ್ತಿದ್ದಾರೆ ಎಂದು ತಿಳಿಯುತ್ತಿರಲಿಲ್ಲ. ಆಗ ನೀನು ಅಲ್ಲಿಂದಲೇ ಅಪ್ಪಣೆ ಕೊಟ್ಟೆ: "ಅಮ್ಮನ ಕಷಾಯ ಕೊಡು, ಅವನೇನು ಹೊರಗಿನವನಾ?" ನನಗೂ ಸರಿ ಅನ್ನಿಸಿತು. ನಮ್ಮ ಮನೆಯಲ್ಲಿ ಯಾರ ಮಂಡಿಗಾದರೂ ಅದೊಂದೇ ಮದ್ದಲ್ಲವೇ? ಶುಂಠಿ, ಮೆಣಸು, ಮೇಲೆ ಅಮ್ಮನ ಅಳತೆಯಂತೆ ಹಿಡಿ ತುಂಬ ಜಜ್ಜಿದ ಬೆಳ್ಳುಳ್ಳಿ. ಹಿತ್ತಲ ಗಿಡ ಮದ್ದಲ್ಲ ಅನ್ನುವವರ ಬಾಯಿ ಮುಚ್ಚಿಸಲು ಹೊರಟವಳಂತೆ ಸೆರಗು ಸಿಕ್ಕಿಸಿ ಒಲೆಯ ಮುಂದೆ ನಿಂತೆ.

ದೊರೆ ಮೂಸಿದ, ನನ್ನ ಮುಖ ನೋಡಿದ, ಮೂತಿಯಿಂದ ಬಟ್ಟಲನ್ನು ಬೋರಲು ಹಾಕಿದ. ಒರೆಸಿ ಮತ್ತೆ ಕೊಟ್ಟೆ. ಮತ್ತೆ ಬೋರಲು. ನಿನ್ನಂತೆಯೇ ಚಂಡಿ ಎಂದು ಬೈದು, ನಾನೇನು ಕಡಿಮೆಯವಳೇ, ಸೋಸಿ ಮಾಂಸದ ರಸಕ್ಕೆ ಬೆರೆಸಿಬಿಟ್ಟೆ. ಸ್ವಲ್ಪ ನೆಕ್ಕಿದ. ಗೆದ್ದೆ ಎಂದುಕೊಂಡೆ. ಬೆಳಗಾಗುವಷ್ಟರಲ್ಲಿ ವಾಂತಿ ಮಾಡಿಕೊಂಡು, ಕರೆದರೆ ಕಿವಿಯನ್ನೂ ಅಲ್ಲಾಡಿಸದೆ ಬಿದ್ದಿದ್ದ. ಬರಿಗಾಲಲ್ಲೇ ರಸ್ತೆ ದಾಟಿ ಬಾಗಿಲು ಬಡಿದೆ. ಎದುರುಮನೆಯ ಬಡಗಿ ತನ್ನ ವ್ಯಾನು ತಂದು ಅವನನ್ನು ಎರಡೂ ಕೈಯಲ್ಲಿ ಎತ್ತಿಕೊಂಡ. "ಅಕ್ಕಾ, ದೊರೆಗಳಿಗೆ ಪಲ್ಲಕ್ಕಿ ಬೇಕಿತ್ತು, ಸದ್ಯಕ್ಕೆ ಹಲಗೆ ಸಾಗಿಸೋ ಗಾಡಿ" ಅಂದ. ನನ್ನನ್ನು ನಗಿಸಲು ಹೇಳಿದ್ದು; ನಗು ಬರಲಿಲ್ಲ.

ಪಶುವೈದ್ಯೆ ಕಷಾಯದಲ್ಲಿ ಏನೇನಿತ್ತು ಎಂದು ಕೇಳಿದಳು. ನಾನು ಜಂಬದಿಂದಲೇ ಹೇಳುತ್ತಾ ಹೋದೆ. ಬೆಳ್ಳುಳ್ಳಿ ಅನ್ನುತ್ತಿದ್ದಂತೆ ಪೆನ್ನು ಕೆಳಗಿಟ್ಟಳು. "ಅಮ್ಮಾ, ಈರುಳ್ಳಿ ಬೆಳ್ಳುಳ್ಳಿ ನಮಗೆ ಮದ್ದು, ನಾಯಿಗೆ ವಿಷ. ಅದರ ರಕ್ತ ಕೆಡುತ್ತೆ." ನಾನು ಗೋಡೆಯ ಮೇಲಿದ್ದ ಬೆಕ್ಕಿನ ಚಿತ್ರವನ್ನು ನೋಡುತ್ತಾ ನಿಂತೆ. ಗಾಬರಿಯಾಗಬೇಡ, ರಕ್ತ ಪರೀಕ್ಷೆ ಮಾಡಿಸಿದ್ದಾಯಿತು, ಎರಡನೆಯ ಸಲವೂ ಮಾಡಿಸಿದ್ದಾಯಿತು, ಚೆನ್ನಾಗಿದೆ. ನೆಕ್ಕಿದ್ದು ಕಡಿಮೆ, ಅವನು ಬಟ್ಟಲು ಬೋರಲು ಹಾಕಿದ್ದೇ ಅವನನ್ನು ಉಳಿಸಿತು. ನಮ್ಮಿಬ್ಬರ ಬುದ್ಧಿ ಒಟ್ಟು ಸೇರಿಸಿದರೂ ಆ ಮೂತಿಗೆ ಸಮವಾಗಲಿಲ್ಲ ನೋಡು.

ಆದರೆ ಆಕೆ ಒಳ್ಳೆಯವಳು, ಗಿಡಮೂಲಿಕೆ ಎಂದರೆ ಮೂಗು ಮುರಿಯುವವಳಲ್ಲ. ಕಾಲಿನ ನೋವಿಗೆ ಗುಳಿಗೆ ಕೊಟ್ಟಳು. ನನ್ನ ಮುಖ ನೋಡಿ, ಚಿಟಿಕೆ ಅರಿಶಿನವನ್ನು ಬೆಣ್ಣೆಯಲ್ಲಿ ಕಲಸಿ ಕೊಡಬಹುದು ಎಂದಳು. "ಗುಳಿಗೆಯ ಜೊತೆಗೆ, ಗುಳಿಗೆಯ ಬದಲಿಗೆ ಅಲ್ಲ. ಬೇರೆ ಯಾವ ಸೊಪ್ಪು ಬೇರು ಕೊಡೋದಾದರೂ ಮೊದಲು ನನ್ನನ್ನು ಕೇಳಿ." ಈಗ ಕುಂಡದ ಪುದೀನಕ್ಕೂ ಅಪ್ಪಣೆ ಕೇಳುತ್ತೇನೆ. ಬಿಸಿ ಶಾಖ ಕೊಡಿ ಎಂದಳು, ಅದು ನನ್ನ ಕಸುಬು. ಗೋಧಿ ತೌಡು ತುಂಬಿ ಚೀಲ ಹೊಲಿದೆ. ಕೈಗೆ ಸಿಕ್ಕಿದ್ದು ನಿನ್ನ ಹಳೆಯ ನೀಲಿ ಅಂಗಿ, ಕತ್ತರಿಸಿದ್ದಕ್ಕೆ ಕ್ಷಮಿಸು. ಹದವಾಗಿ ಬಿಸಿ ಮಾಡಿ ಪಕ್ಕದಲ್ಲಿಟ್ಟರೆ ದೊರೆ ಅದನ್ನು ಬಹಳ ಹೊತ್ತು ಮೂಸಿ, ತಾನೇ ಜರುಗಿ ಜರುಗಿ ಸೊಂಟವನ್ನು ಅದಕ್ಕೆ ಆನಿಸಿಕೊಂಡ.

ಇಷ್ಟಾದರೂ ಕಾಲಿಗೆ ಗುಣ ಕಾಣಲಿಲ್ಲ. ಯಾಕೆಂದು ಮೇಜಿನ ಕೆಳಗೆ ಗುಡಿಸುವಾಗ ಗೊತ್ತಾಯಿತು. ಬೆಣ್ಣೆ ಅರಿಶಿನ ನೆಕ್ಕಿ, ಗುಳಿಗೆಗಳನ್ನು ಮಾತ್ರ ಮೇಜಿನ ಕಾಲಿನ ಹಿಂದೆ ಉಗಿದು ಗುಡ್ಡೆ ಹಾಕಿದ್ದಾನೆ. ನನ್ನ ಕಣ್ಣಿಗೆ ಮಣ್ಣೆರಚಿ ಬಾಲ ಬೇರೆ ಅಲ್ಲಾಡಿಸುತ್ತಿದ್ದ. ಬೈಯಲಿಲ್ಲ. ಅಂದಿನಿಂದ ಕೊಟ್ಟ ಮೇಲೆ ಎದ್ದು ಹೋಗುವುದನ್ನು ಬಿಟ್ಟೆ. ನೆಲದ ಮೇಲೆ ಪಕ್ಕದಲ್ಲೇ ಕೂತು, ಗಂಟಲು ಸವರುತ್ತಾ, ಊರ ಸುದ್ದಿಯನ್ನೆಲ್ಲ ಹೇಳುತ್ತೇನೆ. ಬೇಜಾರಿಗಾದರೂ ನುಂಗುತ್ತಾನೆ. ಮೊನ್ನೆ ಟವೆಲ್ ಇಲ್ಲದೆ ಎದ್ದ. ನಿನ್ನೆ ಗೇಟಿನವರೆಗೆ ಹೋಗಿ, ರಸ್ತೆಯ ಎರಡೂ ಕಡೆ ನೋಡಿ, ಬಂದು ಮಲಗಿದ. ಓಡುವ ಕಾಲ ಮುಗಿಯಿತು ಅವನದು. ನಡೆಯುವ ಕಾಲ ಇನ್ನೂ ಇದೆ ಎಂದಳು ವೈದ್ಯೆ.

ಬಡಗಿ ನಿನ್ನನ್ನು ಕೇಳಿದನೆಂದು ಹೇಳಲು ಹೇಳಿದ್ದಾನೆ. ನಿನ್ನ ಗಡಿಯಾರಗಳಿಗೆ ನಾನು ಕೀಲಿ ಕೊಡುತ್ತಿದ್ದೇನೆ; ಒಂದಕ್ಕೊಂದು ಹೊಂದಿಕೆಯಿಲ್ಲ, ನೀನೇ ಬಂದು ಸರಿಮಾಡಬೇಕು. ನಿನ್ನ ತಲೆಯ ಮೇಲೆ ಕೈಯಿಟ್ಟೆನೆಂದು ತಿಳಿ.

ನಿನ್ನ
ಅಕ್ಕ

ಮರೆತಿದ್ದೆ: ನಿನ್ನ ಕಿಟಕಿಯ ಹೂಕುಂಡದ ಮಣ್ಣಿನಲ್ಲಿ ಗುಳಿಗೆಗಳು ಸಿಕ್ಕಿದವೆಂದು ನರ್ಸಮ್ಮ ಫೋನು ಮಾಡಿದ್ದಳು. ಗುರುವಾರ ಸಂಜೆ ಬಡಗಿಯ ವ್ಯಾನಿನಲ್ಲಿ ಬರುತ್ತೇನೆ, ನೀನು ನುಂಗುವ ತನಕ ಪಕ್ಕದಲ್ಲಿ ಕೂರುತ್ತೇನೆ, ಊರ ಸುದ್ದಿ ಬೇಕಾದಷ್ಟಿದೆ. ದೊರೆಯೂ ಬರುತ್ತಾನೆ. ಆದರೆ ನಾಯಿಯನ್ನು ಆಸ್ಪತ್ರೆಯ ಒಳಗೆ ಬಿಡುವುದಿಲ್ಲವಂತೆ, ಬಾಗಿಲಿಂದಾಚೆ ಅಂಗಳ ದಾಟಿ ಗೇಟಿನ ಹತ್ತಿರ ನಿಂತಿರುತ್ತಾನೆ. ಅಲ್ಲಿಯತನಕ ನೀನೇ ಬರಬೇಕು. ಇನ್ನೂ ನಾಲ್ಕು ದಿನವಿದೆ, ಆ ಹುಡುಗಿಯ ಕೈ ಹಿಡಿದು ಇವತ್ತೇ ಶುರು ಮಾಡು.