ಇಟ್ಟಿಗೆ ಆಟದ ಯಂತ್ರ

ಹಾಸನೂರು
ಜೂನ್ 21, 2025

ಪ್ರಭುಸ್ವಾಮಿಯವರಿಗೆ ಶಿವರಂಜನಿ ಮಾಡುವ ನಮಸ್ಕಾರ.

ನೀವು ಕಳಿಸಿದ ಗಾಡಿಯನ್ನು ನಿನ್ನೆ ಬರಿದಾಗಿಯೇ ವಾಪಸ್ ಕಳಿಸಿದೆ. ಡ್ರೈವರ್ ಚನ್ನಯ್ಯನ ಮೇಲೆ ಸಿಟ್ಟಾಗಬೇಡಿ. ಹಗ್ಗ, ಗೋಣಿಚೀಲ ಎಲ್ಲ ತಂದಿದ್ದ. ಆಟದ ಪೆಟ್ಟಿಗೆ ಬುಟ್ಟು ಓದ್ರೆ ಅಣ್ಣ ಬೈತದೆ ಕಣಕ್ಕ ಅಂತ ಹೊಸಿಲಲ್ಲೇ ನಿಂತಿದ್ದ. ಟೀ ಕೊಟ್ಟು, ಈ ಆಟದ ಯಂತ್ರ ನೋಡಿಯೇ ನಮ್ಮ ಟೀ ಅಂಗಡಿಗೆ ಗಿರಾಕಿ ಬರುತ್ತಾರೆ, ಕೊಡಲು ಆಗುವುದಿಲ್ಲ ಎಂದೆ. ಅದು ಸುಳ್ಳು. ನೀವು ಕೊಯಮತ್ತೂರಿಗೆ ಹೋದ ಮೇಲೆ ಗಿರಾಕಿಗಳು ಯಾರೂ ಅದನ್ನು ಆಡಿಲ್ಲ. ಮೈಸೂರಿಗೆ ಹೋಗುವ ಕಾರಿನವರು ಅದರ ಮುಂದೆ ನಿಂತು ಫೋಟೊ ತೆಗೆದುಕೊಳ್ಳುತ್ತಾರೆ, ಅಷ್ಟೆ. ಆಡುವವಳು ನಾನು.

ಇದನ್ನು ಫೋನಿನಲ್ಲೇ ಹೇಳಬಹುದಿತ್ತು. ಆದರೆ ಫೋನಿನಲ್ಲಿ ನಾವಿಬ್ಬರೂ ಊಟ ಆಯ್ತಾ, ಸರಿ ಅನ್ನುವುದರ ಆಚೆಗೆ ಹೋಗುವುದಿಲ್ಲ.

ಶುರುವಾದದ್ದು ಹೋದ ದೀಪಾವಳಿಯಲ್ಲಿ. ಊರಿಗೆ ಊರೇ ಗುಮಟಾಪುರಕ್ಕೆ ಸಗಣಿ ಎರಚಾಡುವ ಹಬ್ಬ ನೋಡಲು ಹೋಗಿತ್ತು, ನಮ್ಮವ್ವನೂ ಹೋಗಿದ್ದಳು. ದಿಂಬಂ ಘಾಟಿನ ಕಡೆ ಆನೆ ರಸ್ತೆಗಿಳಿದು ಗಾಡಿ ಓಡಾಟ ನಿಂತಿತ್ತು. ಟೀ ಕಾಯಿಸಿಟ್ಟು ಕೂತೆ, ಒಬ್ಬರೂ ಬರಲಿಲ್ಲ. ಎದ್ದು ಯಂತ್ರದ ಪ್ಲಗ್ ಹಾಕಿದೆ. ಅದರ ಸದ್ದು ಕೇಳಿದರೆ ನನಗೆ ಮೈ ಉರಿಯುತ್ತಿತ್ತು, ನಿಮಗೆ ಗೊತ್ತು. ಅವತ್ತು ಮನೆಯಲ್ಲಿ ಯಾರೋ ಇದ್ದಾರೆ ಅನ್ನಿಸಿತು.

ಮೊದಮೊದಲು ಪರದೆಯ ಮೇಲಿನಿಂದ ಇಟ್ಟಿಗೆಗಳು ಮೆಲ್ಲಗೆ ಇಳಿಯುತ್ತಿದ್ದವು. ತಿರುಗಿಸಿ ಸಂದಿನಲ್ಲಿ ಕೂರಿಸಿದರೆ, ತುಂಬಿದ ಸಾಲು ಅಳಿಸಿ ಹೋಗುತ್ತಿತ್ತು. ಇದರಲ್ಲೇನಿದೆ ಅಂದುಕೊಳ್ಳುವಷ್ಟರಲ್ಲಿ ವೇಗ ಹೆಚ್ಚಿ, ಇಟ್ಟಿಗೆ ರಾಶಿ ಮೇಲಕ್ಕೆ ಮುಟ್ಟಿ ಆಟ ಮುಗಿಯಿತು. ಸಿಟ್ಟು ಬಂತು. ಮತ್ತೆ ಕಾಸು ಹಾಕಿದೆ. ಚಳಿ ಕಳೆಯುವ ಹೊತ್ತಿಗೆ ನಡುವಿನ ಹಂತಗಳು ಕೈಗೆ ಹತ್ತಿದವು. ಬೇಸಿಗೆಯಲ್ಲಿ, ಇಟ್ಟಿಗೆಗಳು ಇಳಿಯುವುದೇ ಕಾಣದ ಹಂತಕ್ಕೆ ಬಂದೆ. ಹುಟ್ಟಿದ ಕೂಡಲೇ ತಳದಲ್ಲಿರುತ್ತವೆ. ಅಲ್ಲಿ ಬಿದ್ದದ್ದನ್ನು ನೋಡುತ್ತ ನಿಂತರೆ ಕೆಟ್ಟೆವು. ಮೂಲೆಯಲ್ಲಿ ತೋರಿಸುವ ಮುಂದಿನದರ ಮೇಲೆ ಕಣ್ಣಿಟ್ಟು, ಬಂದಿರುವುದನ್ನು ಬರೀ ಬೆರಳಿನ ನಂಬಿಕೆಯಲ್ಲಿ ಕೂರಿಸಬೇಕು. ತಳ ಮುಟ್ಟಿದ ಮೇಲೂ, ಗಟ್ಟಿಯಾಗಿ ಕೂರುವ ಮುಂಚೆ ಒಂದು ಚೂರು ಪಕ್ಕಕ್ಕೆ ಜಾರಿಸಬಹುದು. ಅದನ್ನು ಯಾರೂ ಹೇಳಿಕೊಡಲಿಲ್ಲ, ಆಡುತ್ತ ಆಡುತ್ತ ಸಿಕ್ಕಿತು. ಎಷ್ಟು ಖುಷಿಯಾಯಿತೆಂದರೆ, ಹೇಳಿಕೊಳ್ಳಲು ಹಿಂದಕ್ಕೆ ತಿರುಗಿದೆ. ಬೆಂಚುಗಳು ಖಾಲಿ ಇದ್ದವು.

ಹೋದ ತಿಂಗಳು ಒಂದು ಸಂಜೆ ಕಡೆಯ ಹಂತದವರೆಗೂ ಹೋದೆ. ಆಟ ಮುಗಿದಾಗ ಅಂಗಡಿಯೆಲ್ಲ ಸೀದ ಹಾಲಿನ ವಾಸನೆ. ಪಾತ್ರೆ ಇಳಿಸುವಾಗ ಹೊಳೆಯಿತು, ಇಷ್ಟು ಹೊತ್ತು ನನಗೆ ಕೂಸಿನ ನೆನಪೇ ಆಗಿಲ್ಲ. ಒಂದೇ ರಾತ್ರಿ ಉಸಿರಾಡಿ ಹೋದ ನಮ್ಮ ಮಗಳು, ಪಾತ್ರೆ ತೊಳೆಯುವಾಗ, ಬಟ್ಟೆ ಹಿಂಡುವಾಗ ಕೂಡ ನನ್ನ ಮನಸ್ಸಿನಿಂದ ಇಳಿದವಳಲ್ಲ. ಅಲ್ಲೇ ನೆಲದ ಮೇಲೆ ಕೂತು ಅತ್ತುಬಿಟ್ಟೆ.

ಆಸ್ಪತ್ರೆಯಿಂದ ಬಂದ ಮೇಲೆ ನೀವು ಬೆಳಗಾದರೆ ಈ ಯಂತ್ರದ ಮುಂದೆಯೇ ನಿಂತಿರುತ್ತಿದ್ದಿರಿ. ಕೂಸು ಓಯ್ತು ಅಂತ ಒಂದ್ ಅನಿ ಕಣ್ಣೀರ್ ಆಕ್ನಿಲ್ಲ ಕಣವ್ವ, ಆಟ ಆಡ್ತಾ ನಿಂತವ್ನೆ ಅಂತ ನಮ್ಮವ್ವ ನಿಮಗೆ ಕೇಳುವ ಹಾಗೆಯೇ ಅಂದಳು. ನೀವು ತಿರುಗಲಿಲ್ಲ. ಆ ವಾರವೇ ಕೊಯಮತ್ತೂರಿಗೆ ಹೊರಟಿರಿ. ಆಟದ ಆ ವೇಗದೊಳಗೆ ಇರುವವರಿಗೆ ಹಿಂದೆ ನಿಂತವರ ಮಾತು ಕೇಳಿಸುವುದಿಲ್ಲ ಎಂದು ಈಗ ಗೊತ್ತಾಗಿದೆ. ಅವತ್ತು ಕೇಳಿಸಿತ್ತೋ ಇಲ್ಲವೋ, ನೀವೇ ಹೇಳಬೇಕು. ಆದರೆ ನಿಮಗೆ ಅಂಥ ನೆಮ್ಮದಿಯ ಜಾಗವೊಂದು ಗೊತ್ತಿತ್ತು, ನನ್ನನ್ನು ಒಂದು ಸಲವೂ ಅಲ್ಲಿಗೆ ಕರೆಯಲಿಲ್ಲ. ಆ ಸಿಟ್ಟು ನನಗೆ ಇನ್ನೂ ಇದೆ.

ನೀವು ರಿಪೇರಿ ಮಾಡುವ ಕಡೆ ಇಂಥ ಯಂತ್ರಗಳು ಸಾಲಾಗಿ ನಿಂತಿವೆಯಂತೆ, ಚನ್ನಯ್ಯ ಹೇಳಿದ. ಇದೊಂದು ಇಲ್ಲದಿದ್ದರೂ ನಿಮಗೆ ನಡೆಯುತ್ತದೆ. ನನಗೆ ನಡೆಯುವುದಿಲ್ಲ. ಇನ್ನೊಮ್ಮೆ ಗಾಡಿ ಕಳಿಸಬೇಡಿ. ಹೊತ್ತಿಗೆ ಸರಿಯಾಗಿ ಊಟ ಮಾಡಿ.

ಇಂತಿ,
ಶಿವರಂಜನಿ

ಬರೆಯಲು ಮರೆತದ್ದು: ಇಬ್ಬರು ಎದುರಾಳಿಗಳಾಗಿ ಆಡಲು ಯಂತ್ರಕ್ಕೆ ಎರಡು ಹಿಡಿಗಳಿವೆಯಲ್ಲ. ಅಂಗಡಿ ಮುಚ್ಚುವ ಮುಂಚೆ ದಿನವೂ ಕಡೆಯ ಆಟಕ್ಕೆ ಎರಡೂ ಕಡೆ ನಾನೇ ಕಾಸು ಹಾಕುತ್ತೇನೆ. ನಿಮ್ಮ ಕಡೆಯ ಇಟ್ಟಿಗೆಗಳನ್ನು ತಿರುಗಿಸುವವರಿಲ್ಲ. ನಟ್ಟನಡುವೆ ಒಂದರ ಮೇಲೊಂದು ಬಿದ್ದು ಬೇಗ ಮೇಲಕ್ಕೆ ಬಂದುಬಿಡುತ್ತವೆ. ನಾನು ಎಷ್ಟು ಕೆಟ್ಟದಾಗಿ ಆಡಿದರೂ ನಾನೇ ಗೆಲ್ಲುತ್ತೇನೆ.