ಕೊಡ್ಲಿ ನಾಟಕದಾಗ ಭೀಮಶಾ ಮಾಮಾನ ದನಿ

ಚಂದ್ರಾಮ ಕಾಕಾ,

ನಿನ್ನ ಶರಣ್ಯಾ ಬರೀಲಿಕತ್ತೀನಿ. ನಗಬ್ಯಾಡ. ಸಾಲ್ಯಾಗ ಮೂರನೇತ್ತಾ ಪೂರಾ ಮಾಡಲಾರದಾಂವ ಕಾಗದ ಬರ್ದಾನ ಅಂದ್ರ ಸೇಡಂದಾಗ ಯಾರೂ ನಂಬಂಗಿಲ್ಲ, ನೀ ಇದ್ದಿದ್ರ ಕೈಯಾಗಿನ ಚಾ ಚೆಲ್ಲತಿದ್ದಿ. ಅಕ್ಷರ ಜರಾ ಸೊಟ್ಟ ಆಗ್ಯಾವ, ಆದ್ರ ಫೋನ್ ಮಾಡಬೇಕಂದ್ರ ನೀ ಇರೋ ಕಡಿ ಟಾವರ್ ಅದನೋ ಇಲ್ಲೋ. ಕಾಕಿ ಆರಾಮ ಅದಾಳ. ದಿನಾ ನಮ್ಮ ಮೈಕಿನ ಅಂಗಡಿ ತೆರದು ನಿನ್ನ ಫೋಟೋಕ್ಕ ಊದಿನಕಡ್ಡಿ ಹಚ್ಚತೀನಿ, ಹೊಗಿಗೆ ನೀ ಕೆಮ್ಮಿದಂಗ ಕಾಣತದ ಖರೇ. ಈಗ ಯಾಕ ಬರೀಲಿಕತ್ತೀನಿ ಅಂದ್ರ, ಕೊಡ್ಲಿ ಊರಿನ ನಾಟಕದ ಸುದ್ದಿ ನಿನಗ ಹೇಳಲಾರದ ಇರಲಿಕ್ಕಾಗವಲ್ದು.

ಕೊಡ್ಲಿಗೆ ನನ್ನ ಮೊದಲ ಸಲ ಕರಕೊಂಡು ಹೋಗಿದ್ದು ನೆನಪದನ ನಿನಗ? ಸ್ಟೇಜಿನ ಮ್ಯಾಲ ಅಡ್ಡ ಬೊಂಬು ಕಟ್ಟಿ ನಟ್ಟನಡುವ ಒಂದೇ ಮೈಕ ಇಳಿಬಿಟ್ಟಿದ್ದಿ. ಪಾತ್ರದಾರ್ರು ಒಬ್ಬೊಬ್ಬರೇ ಅದರ ಕೆಳಗ ಬರೋದು, ಮಾರಿ ಮ್ಯಾಲ ಮಾಡಿ ಚೀರೋದು, ಹಿಂದ ಸರಿಯೋದು. ಕೋಳಿ ನೀರು ಕುಡದಂಗ ಕಾಣತದ ಕಾಕಾ ಅಂದಿದ್ದಕ್ಕ ತಲಿಮ್ಯಾಲ ಒಂದು ಕೊಟ್ಟಿ. ರಾಜಾ ಇರಲಿ ಸೇವಕ ಇರಲಿ, ಮೈಕಿನ ಕೆಳಗ ಬಂದಾಂವಗೇ ದನಿ ಅಂತ ಹೇಳಿದಿ. ಅವತ್ತು ರಾಜಾ ಆಗಿದ್ದಾಂವ ನಿನ್ನ ದೋಸ್ತ ಭೀಮಶಾ ಮಾಮಾ. ಅವನ ದನಿ ಏನಿತ್ತೋ ಮಾರಾಯಾ, ಮೈಕ ಬಂದ್ ಆದ್ರೂ ಸುಲೇಪೇಟ ತನಕ ಕೇಳತಿತ್ತು.

ಆಮ್ಯಾಲಿಂದೂ ನೆನಪದ. ಶಹಾಬಾದ ಖಣಿಯಾಗ ಫರಸಿ ಕಲ್ಲು ಕಾಲಮ್ಯಾಲ ಬಿದ್ದು ಮಾಮಾ ಕೋಲು ಹಿಡದ ವರ್ಷ. ಪಾರ್ಟು ಬಿಡಲಿಲ್ಲ. ಕುರ್ಚಿಯಿಂದ ಎದ್ದು, ಕಾಲು ಎಳಕೋತ ಮೈಕಿನ ಕೆಳಗ ಬರೋದ್ರಾಗ ಎದುರಿನಾಂವ ಸಿಟ್ಟು ಇಳದು ತಣ್ಣಗ ನಿಂತಿರತಿದ್ದ. ಮಂದಿ ನಕ್ಕರು. ನೀ ಓಡಿ ಹೋಗಿ ಅವನ ಮುಂದ ಇನ್ನೊಂದು ಮೈಕ ನಿಂದ್ರಿಸಿದಿ. ಅದು ಅವನ ಮಾತಿಗಿಂತ ಹಲಗಿಮ್ಯಾಲ ಕಾಲ ಸಪ್ಪಳನೇ ಹೆಚ್ಚು ಹಿಡೀತು, ಮ್ಯಾಲ ಸೀಟಿ ಹೊಡೀತು. ಮಾಮಾ ಸ್ಟೇಜ ಇಳದು ಹೋದ. ಮತ್ತ ಹತ್ತಲಿಲ್ಲ. ವೈರ ಸುತ್ತಕೋತ ನೀ ಅಂದಿದ್ದು ಇನ್ನೂ ಕಿವ್ಯಾಗ ಅದ: "ದನಿ ಇದ್ದಲ್ಲೇ ಅದಲೇ ಶರಣ್ಯಾ. ನಮ್ಮ ಮೈಕೇ ಅಲ್ಲಿ ತನಕ ಹೋಗವಲ್ದು."

ಈಗ ಹೋಗತದ ಕಾಕಾ. ಎಂಟು ಮೈಕಿನ ವಾಯರ್‌ಲೆಸ್ ಸೆಟ್ ತಂದೀನಿ. ಪಾತ್ರದಾರನ ನಡಕ್ಕ ತಂಬಾಕದ ಡಬ್ಬಿಯಷ್ಟು ಒಂದು ಡಬ್ಬಿ, ಕೊಳ್ಳಾಗ ಕಡ್ಲಿಕಾಳಿನಷ್ಟು ಮೈಕ. ಆ ಡಬ್ಬಿ ಗಾಳಿಯಾಗ ದನಿ ಕಳಸತದ, ನನ್ನ ಮಿಕ್ಸರಿನ ಬಾಜೂಕ ಇರೋ ರಿಸೀವರ್ ಹಿಡೀತದ. ಒಬ್ಬೊಬ್ಬಂವಗೆ ಬ್ಯಾರೆ ಬ್ಯಾರೆ ಫ್ರೀಕ್ವೆನ್ಸಿ, ರೇಡಿಯೋ ಸ್ಟೇಷನ್ ಇದ್ದಂಗ. ಮೊದಲ ಸಲ ಆದಿತ್ಯನಗರದಾಗ ಒಬ್ಬ ಸಾಹೇಬರ ನಿವೃತ್ತಿಗೆ ಹಚ್ಚಿದೆ. ಸಾಹೇಬರು ಭಾಷಣಕ್ಕ ಬಾಯಿ ತೆರದ್ರ ನನ್ನ ಬಾಕ್ಸಿನಾಗಿಂದ, ಜಿಲೇಬಿ ಖಾಲಿ ಆಗ್ಯಾವ, ಎರಡನೇ ಪಂಕ್ತಿಯವರು ಜರಾ ತಡೀರಿ ಅಂತ ಬಂತು. ಬಾಜೂ ಮದವಿ ಮಂಟಪದ ಮೈಕಿನಾಂವ ನನ್ನ ಫ್ರೀಕ್ವೆನ್ಸಿ ಮ್ಯಾಲೇ ಕುಂತಿದ್ದ. ಅವತ್ತಿಂದ ಮೊದಲು ಡಬ್ಬಿ ಎಲ್ಲಾ ಬಂದ್ ಇಟ್ಟು ಗಾಳಿಯಾಗ ಖಾಲಿ ಜಾಗಾ ಎಲ್ಲದ ಅಂತ ರಿಸೀವರಿಗೆ ಹುಡುಕಲಿಕ್ಕ ಹಚ್ಚತೀನಿ. ಒಂದು ಚಾಲೂ ಮಾಡಿ, ಅದನ್ನ ಚಾಲೂ ಇಟ್ಟೇ ಎರಡನೇದಕ್ಕ ಹುಡುಕೋದು. ಅಣ್ಣತಮ್ಮರ ಹೊಲ ಇದ್ದಂಗ, ನಡುವ ಬದು ಇರಬೇಕು, ಇಲ್ಲಾಂದ್ರ ಎಂಟೂ ಜಗಳಕ್ಕ ನಿಂದರತಾವ.

ಕೊಡ್ಲಿಯವರು ಮೈಕ ಹೇಳಲಿಕ್ಕ ಅಂಗಡಿಗೆ ಬಂದ ದಿನಾನೇ ನಾ ಜಿದ್ದಿಗೆ ಬಿದ್ದೆ. ನಾಟಕದಾಗ ಅಪ್ಪನ ಪಾರ್ಟು ಭೀಮಶಾ ಮಾಮಾಗೇ ಕೊಡ್ರಿ ಅಂದೆ. ಹಾಸಿಗಿ ಹಿಡದ ಅಪ್ಪ, ಎದ್ದೇಳೋದೇ ಇಲ್ಲ, ಇದಕ್ಕಿಂತ ಇನ್ನೇನು ಬೇಕು? ಹಾರ್ಮೋನಿಯಂ ಪೇಟಿ ಬಾರಿಸಿ ನಾಟಕ ಕಲಸೋ ಮಾಸ್ತರ ಒಪ್ಪಲಿಲ್ಲ. ಆ ಮನಿಷ್ಯಾನ್ನ ಮಂದಿ ಒಮ್ಮೆ ನಕ್ಕು ಇಳಸ್ಯಾರ, ಎರಡನೇ ಸಲ ನಗಸೋದು ಪಾಪ ಅಂದರು. ಅದೂ ಖರೇನೇ. ಕಡೀಗೆ ಒಂದು ಮಾತಿಗೆ ಬಂದರು: ತಾಲೀಮಿನಾಗ ಮೈಕ ಬರೋಬ್ಬರಿ ನಡದ್ರ ಪಾರ್ಟು ಭೀಮಶಾಂದು, ಇಲ್ಲಾಂದ್ರ ಬ್ಯಾರೆಯವರದು. ಈ ಮಾತು ಮಾಮಾನ ಎದುರಿಗೇ ಆಯ್ತು. ಆಂವ ಕೋಲಿನ ತುದಿಲೆ ನೆಲಾ ಕೆದರಕೋತ ಕುಂತ.

ತಾಲೀಮಿನ ದಿನಾ ನೀ ನೋಡಬೇಕಿತ್ತು. ನನ್ನ ಹೆಂಡತಿ ಎಂಟು ಚೀಲಾ ಹೊಲದು ಕೊಟ್ಟಿದ್ದಳು, ಡಬ್ಬಿ ಕುಂದ್ರಲಿಕ್ಕ. ಎಲ್ಲಾದಕ್ಕೂ ಹೊಸಾ ಸೆಲ್ ಹಾಕಿದೆ. ಆಂಟೆನಾ ಬೊಂಬಿಗೆ ಕಟ್ಟಿ ಮಂದಿ ತಲಿಗಿಂತ ಮ್ಯಾಲ ಎತ್ತಿದೆ. ಒಬ್ಬೊಬ್ಬರ ಕಡಿಂದ ಇದ್ದಷ್ಟು ಜೋರಲೆ ಚೀರಿಸಿ ದನಿ ಒಡೀಲಾರದಂಗ ಅಳತಿ ಇಟ್ಟೆ. ಎಲ್ಲಾ ಬರೋಬ್ಬರಿ ಆಯ್ತು ಅಂದ್ಕೋಬೇಕು, ನಾಟಕ ಚಾಲೂ ಆಗಿದ್ದೇ ತಡಾ, ಎಲ್ಲಾರೂ ಸ್ಟೇಜಿನ ನಟ್ಟನಡುವ ಬಂದು ಮಾರಿ ಮ್ಯಾಲ ಮಾಡಿ ನಿಂತರು. ಅಲ್ಲಿ ಮೈಕೇ ಇಲ್ಲ. ಕೊಳ್ಳಾಗ ಅದಪಾ, ನಿಂತಲ್ಲೇ ಮಾತಾಡ್ರಿ ಅಂತ ಹೇಳಿ ಹೇಳಿ ಸಾಕಾಯ್ತು. ಹೂಂ ಅಂತಾರ, ಮತ್ತ ಬಂದು ನಿಂದರತಾರ. ಅವರಿಗೆ ಅಲ್ಲಿ ಬರಲಾರದ ಮಾತೇ ಹೊರಡವಲ್ದು. ನೀ ಕಲಿಸಿದ್ದು ಅಷ್ಟು ಗಟ್ಟಿ ಕುಂತದ. ಎಂಟೂ ಮೈಕ ಒಂದೇ ಕಡಿ ಕೂಡಿದ ಮ್ಯಾಲ, ಒಬ್ಬಂವ ಮಾತಾಡಿದ್ರ ಎಂಟೂ ಹಿಡೀತಾವ, ಭಾವ್ಯಾಗ ನಿಂತು ಮಾತಾಡಿದಂಗ ಆಯ್ತು. ಇನ್ನ ಭೀಮಶಾ ಮಾಮಾ... ಹಾಸಿಗಿ ಹಿಡದ ಅಪ್ಪ ಎದ್ದು, ಕೋಲು ಹಿಡದು, ಸ್ಟೇಜಿನ ನಡುವಿಗೆ ಹೊಂಟ. ಬರಬ್ಯಾಡೋ ಮಾಮಾ ಅಂದ್ರೂ ಕೇಳವಲ್ಲ. ಮಾಸ್ತರ ಪೇಟಿ ಬಂದ್ ಮಾಡಿ ನನ್ನ ಕಡಿ ನೋಡಿದರು.

ಆವಾಗ ನೀ ಇದ್ದಿದ್ರ ಏನು ಮಾಡತಿದ್ದಿ ಅಂತ ವಿಚಾರ ಮಾಡಿದೆ. ನೀ ಬೈತಿದ್ದಿ. ಬೈಲಿಕ್ಕ ನನಗ ಬರಂಗಿಲ್ಲ, ನಗು ಬರತದ. ಟೆಂಪೋದಾಗ ನಿನ್ನ ಹಳೇ ಮೈಕ ಬಿದ್ದಿತ್ತು. ಅದನ್ನ ತಂದು ಮಾಮಾನ ಹಾಸಿಗಿ ಮ್ಯಾಲ ಬರೋಬ್ಬರಿ ಇಳಿಬಿಟ್ಟೆ, ಬರೇ ಹಗ್ಗದಲೆ. ಮಾಮಾ ಮ್ಯಾಲ ನೋಡಿದ, ಕೋಲು ಕೆಳಗಿಟ್ಟು ಮಲಗಿದ. ಉಳದವರು? ಮೈಕ ಎಲ್ಲದನೋ ಅಲ್ಲಿಗೇ ಬಂದರು, ಅಪ್ಪನ ಹಾಸಿಗಿ ಸುತ್ತ. ನಾಟಕದಾಗ ಬೇಕಾಗಿದ್ದೂ ಅದೇ ಅಲ್ಲ? ನಾ ಮಿಕ್ಸರಿನ ಮ್ಯಾಲ ಬೊಟ್ಟು ಇಟಗೊಂಡು ಕುಂತೆ, ಮಾತಾಡಾಂವಂದು ಒಂದೇ ಮ್ಯಾಲ, ಉಳದಿದ್ದೆಲ್ಲಾ ಕೆಳಗ. ಭಾವಿ ದನಿ ಹೋಯ್ತು. ಮಾಸ್ತರ ಹಗ್ಗದ ಗುಂಟ ನೋಡಕೋತ ಬಂದು, ಇದಕ್ಕ ವೈರ ಎಲ್ಲೋ ಅಂದರು.

"ಅದು ನಮ್ಮ ಕಾಕಾನ ಮೈಕ್ರೀ ಮಾಸ್ತರ. ಅದಕ್ಕ ವೈರ ಬೇಕಾಗಿಲ್ಲ."

ಮಾಸ್ತರ ನಗಲಿಲ್ಲ. ಪೇಟಿ ಮುಂದ ಹೋಗಿ ಕುಂತು, ಭೀಮಶಾನ ಮಾತಿಂದ ಮತ್ತ ಚಾಲೂ ಮಾಡ್ರಿ ಅಂದರು. ಪಾರ್ಟು ಉಳೀತು.

ನಾಟಕದ ದಿನಾ ಚಿಂಚೋಳಿ, ಚಿತ್ತಾಪುರ ಕಡಿಂದೆಲ್ಲಾ ಮಂದಿ ಬಂದಿತ್ತು. ಮಾಮಾ ಮೊದಲಿಗೆ ಹಳೇ ಚಟದಲೆ ಚೀರಿದ. ನಾ ಅಂಗೈ ಕೆಳಗ ಮಾಡಿ ತೋರಿಸಿದೆ, ಮೆಲ್ಲಕ, ಮೆಲ್ಲಕ. ಮಗಾ ಮನಿ ಬಿಟ್ಟು ಹೊಂಟ ಸೀನಿನಾಗ ಆಂವ ಖರೇನೇ ಮೆಲ್ಲಕ ಮಾಡಿದ. ಎದುರು ಕುಂತ ಮಗನಿಗೆ ಮನ್ಯಾಗ ಹೇಳಿದಂಗ, "ಉಂಡು ಹೋಗೋ ಅಪ್ಪಾ" ಅಂದ. ನಡುವ ಸುಮ್ಮನಾದಾಗ ಅವನ ಉಸರು ಸೈತ ಬಾಕ್ಸಿನಾಗ ಕೇಳಲಿಕತ್ತಿತ್ತು. ಅಷ್ಟು ಮಂದಿ ಒಬ್ಬರೂ ಮಿಸಕಾಡಲಿಲ್ಲ. ನಿನ್ನ ಇಷ್ಟು ವರ್ಷದ ನಾಟಕದಾಗ ಯಾರರೆ ಮೆಲ್ಲಕ ಮಾತಾಡಿದ್ದು ಕೇಳಿದ್ದೇನು ಕಾಕಾ?

ಅಷ್ಟರಾಗ ಪಾತ್ರದಾರ್ರಿಗೆ ಆಯೇರಿ ಕೊಟ್ಟು ಸನ್ಮಾನ ಮಾಡೋರು ಟಾವೆಲ್ಲು ಹಾರ ಹಿಡಕೊಂಡು ಸ್ಟೇಜ ಹತ್ತಿ ಮಾಮಾನ ಸುತ್ತ ಗ್ವಾಡಿ ಇದ್ದಂಗ ನಿಂತರು. ಮೈ ಅಡ್ಡ ಬಂದ್ರ ಈ ಡಬ್ಬಿ ದನಿ ದಾಟಂಗಿಲ್ಲ. ರಿಸೀವರಿನ ದೀಪ ಒಂದೊಂದೇ ಆರಲಿಕತ್ತವು, ಮಾಮಾನ ಮಾತು ತುಂಡ ತುಂಡ ಆಗಿ ಬಂತು. ಮತ್ತ ಅದೇ ಆಗತದೇನು, ಮತ್ತ ಇಳದು ಹೋಗತಾನೇನು... ಆಗಗೊಡಂಗಿಲ್ಲ ಅಂದೆ. ಆಂಟೆನಾದ ಬೊಂಬು ಕಿತ್ತು, ಟೇಬಲ್ ಮ್ಯಾಲ ಹತ್ತಿ ಸ್ಟೇಜಿನ ಕಡಿ ಚಾಚಿ ನಿಂತೆ. ದೀಪ ಹತ್ತಿದವು. ಒಂದು ಕೈಯಾಗ ಬೊಂಬು, ಬಗ್ಗಿ ಇನ್ನೊಂದು ಕೈಲೆ ಮಿಕ್ಸರ್. ನನ್ನ ಹೊಟ್ಟಿ ಗೊತ್ತಲ್ಲ ನಿನಗ, ಬಗ್ಗೋದು ಸರಳ ಇಲ್ಲ. ಹಿಂದಿನವರು ಬೈಲಿಕತ್ತರು, ಒಬ್ಬಂವ ಲಂಗೂರ ಅಂದ. ಅನ್ನಲಿ. ಸೀನು ಮುಗಿಯೋ ತನಕ ಇಳೀಲಿಲ್ಲ. ಆಮ್ಯಾಲ ಒಂದು ಅಕ್ಷರಾನೂ ತಪ್ಪಲಿಲ್ಲ.

ನಾಟಕ ಮುಗದ ಮ್ಯಾಲ ಮಾಮಾನ ಹೆಂಡತಿ ನಾ ಇದ್ದಲ್ಲಿಗೆ ಬಂದಳು. ಸೆರಗಿನಲೆ ಮಾರಿ ಒರಸಕೋತ, "ಇಷ್ಟು ಮೆಲ್ಲಕ ಆಂವ ಮನ್ಯಾಗೂ ಮಾತಾಡಿಲ್ಲ ನೋಡಪಾ, ಮದವಿ ಆದಾಗಿಂದ" ಅಂದಳು. ಆ ಕಡಿ ಮಾಸ್ತರ ತಾವೇ ಹೋಗಿ ಮಾಮಾನ ಕೋಲು ತಂದು ಕೈಯಾಗ ಕೊಟ್ಟರು.

ಮತ್ತ ಒಂದು ಸುದ್ದಿ ಅದ. ಮೊನ್ನೆ ಮಾಮಾ ಅಂಗಡಿಗೆ ಬಂದಿದ್ದ. ನಿನ್ನ ಸ್ಟೂಲಿನ ಮ್ಯಾಲೇ ಕುಂತ, ಚಾ ಕುಡದ, ಆಮ್ಯಾಲ ಬಾಯಿ ಬಿಟ್ಟ: "ಸುಲೇಪೇಟದವರು ನಾಟಕಕ್ಕ ಕರದಾರ. ಈ ಸಲ ಕೆಟ್ಟವನ ಪಾರ್ಟು ತಗೊಂಡೀನಿ. ಜೀವನ ಪೂರಾ ಚೀರಿ ಹೆದರಿಸೀನಿ, ಈಗ ಮೆಲ್ಲಕ ಹೆದರಿಸಿ ನೋಡಬೇಕು." ಕುರ್ಚಿ ಬಿಟ್ಟು ಏಳಂಗಿಲ್ಲಂತ, ಎಲ್ಲಾರನ್ನೂ ತನ್ನ ಮುಂದ ಕರಸ್ತಾನಂತ. ಅಲ್ಲೂ ಕಲಸೋರು ಇದೇ ಮಾಸ್ತರ, ಮತ್ತ ತಕರಾರು ತಗದ್ರ ತಗೀಲಿ, ಗಾಳಿಯಾಗ ಯಾರರೆ ಜಿಲೇಬಿ ಹಂಚಿದ್ರ ಹಂಚಲಿ. ಆಂವ ಎಷ್ಟು ಮೆಲ್ಲಕ ಅಂದ್ರೂ ಅಷ್ಟೂ ಮಾತು ಕಟ್ಟಕಡೀಗೆ ಕುಂತ ಮುದುಕಿ ತನಕ ಮುಟ್ಟಸ್ತೀನಿ ಕಾಕಾ. ಆಕಿ ಹೆದರಲೇಬೇಕು.

ನಿನ್ನ
ಶರಣ್ಯಾ